ಮೇಜರ್ ಟೇಲರನ ಕಥೆಯನ್ನೂ ಹೇಳಬೇಕು

ಕರ್ತನ ದಿನದ ಆಚರಣೆಯನ್ನು ಮಕ್ಕಳಿಗೆ ಬೋಧಿಸುವಾಗ ನಮ್ಮ ಉಪಾಧ್ಯಾಯಿನಿಯರು ಸಾಮಾನ್ಯವಾಗಿ ಹೇಳುವ ಕಥೆ ಎರಿಕ್ ಲಿಡ್ಡೆಲನದು. 1924ನೆಯ ಇಸವಿಯ ಪ್ಯಾರಿಸ್ ಒಲಿಂಪಿಕ್ ಪಂದ್ಯಗಳಲ್ಲಿ 100 ಮೀಟರ್ ಓಟದ ಮೊದಲ ಸುತ್ತು ಆದಿತ್ಯವಾರ ಬಿದ್ದುದರಿಂದ ಆತನು ಅದನ್ನು ಬಿಟ್ಟನು. 400 ಮೀಟರ್ ಓಟದಲ್ಲಿ ಚಿನ್ನದ ಪದಕವನ್ನು ಪಡೆದನು. ಕಥೆ ನಿಜವಾದುದು, ಉತ್ತಮವಾದುದು. ಆದರೆ ಕೇಳಿದ ಹುಡುಗಿಯ ಮನಸ್ಸಿನಲ್ಲಿ ನಿಲ್ಲುವುದು ಪದಕವೇ. ಆತನು ಮಿಷನರಿಯಾಗಿ ಚೀನಾ ದೇಶದಲ್ಲಿದ್ದು, 1945ರಲ್ಲಿ ಜಪಾನೀಯರ ಬಂಧನ ಶಿಬಿರದಲ್ಲಿ ತೀರಿಕೊಂಡುದನ್ನು ಹೇಳುವವರು ಕಡಮೆ. ದೇವರಿಗೆ ಒಂದನ್ನು ಕೊಟ್ಟರೆ ಅದೇ ವಾರದೊಳಗೆ ಎರಡಾಗಿ ಹಿಂದಿರುಗುವುದೆಂಬ ವ್ಯಾಪಾರದ ಲೆಕ್ಕವನ್ನು ನಾವು ಅರಿಯದೆ ಕಲಿಸುತ್ತಿದ್ದೇವೆಂದು ನನ್ನ ಅಭಿಪ್ರಾಯ. ಆದ್ದರಿಂದ ಇನ್ನೊಬ್ಬನ ಕಥೆಯನ್ನೂ ಹೇಳಬೇಕೆನ್ನುತ್ತೇನೆ.

ಮಾರ್ಷಲ್ ಟೇಲರನು 1878ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ಪಟ್ಟಣದಲ್ಲಿ ಕಪ್ಪು ಜನಾಂಗದ ಬಡ ಕುಟುಂಬವೊಂದರಲ್ಲಿ ಹುಟ್ಟಿದನು. ತಂದೆ ಧನಿಕರ ಮನೆಯಲ್ಲಿ ಸಾರೋಟಿನವನು. ಆ ಮನೆಯ ಮಗನೊಡನೆ ಆಡಿ ಬೆಳೆದು, ಅವರಿಂದಲೇ ಹುಡುಗನಿಗೆ ಒಂದು ಬೈಸಿಕಲ್ಲು ದೊರಕಿತು. ಮುಂದೆ ಬೈಸಿಕಲ್ ಅಂಗಡಿಯೊಂದರ ಮುಂದೆ ಸಿಪಾಯಿಯ ಉಡುಪನ್ನು ಧರಿಸಿ ಚಮತ್ಕಾರಗಳನ್ನು ತೋರಿಸುತ್ತಿದ್ದುದರಿಂದ ‘ಮೇಜರ್’ ಎಂಬ ಹೆಸರು ಬಂದಿತು. ಅವನ ಜೊತೆಯ ಬಿಳಿಯ ಹುಡುಗರು ವೈ.ಎಂ.ಸಿ.ಎ.ಯ ವ್ಯಾಯಾಮಶಾಲೆಗೆ ಹೋಗುತ್ತಿದ್ದರು. ಇವನಿಗೆ ಅಲ್ಲಿ ಪ್ರವೇಶವಿರಲಿಲ್ಲ. ಕ್ರಿಸ್ತನ ಹೆಸರನ್ನೇ ಹೊತ್ತ ಸಂಸ್ಥೆ ಅದು ಎಂಬುದನ್ನು ಕಥೆ ಹೇಳುವವರು ಮುಚ್ಚಬಾರದು.

ಅವನು ಆರಿಸಿಕೊಂಡ ಸ್ಪರ್ಧೆಯನ್ನು ಸ್ವಲ್ಪ ವಿವರಿಸಬೇಕು. ಇಳಿಜಾರಾಗಿ ಕಟ್ಟಿದ ವರ್ತುಲಾಕಾರದ ಹಾದಿ; ಬೈಸಿಕಲ್ಲಿಗೆ ಬ್ರೇಕು ಇಲ್ಲ, ಗಾಲಿ ತಿರುಗುವಷ್ಟು ಹೊತ್ತೂ ಪೆಡಲು ತಿರುಗಲೇಬೇಕು. ಸವಾರರು ಮೊದಲು ನಿಧಾನವಾಗಿ, ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡುತ್ತ ಹೋಗುತ್ತಾರೆ. ಮುಂದಿರುವವನು ಗಾಳಿಯನ್ನು ಎದುರಿಸಬೇಕು. ಹಿಂದಿರುವವನು ಆ ಮರೆಯಲ್ಲಿ ಬಲವನ್ನು ಉಳಿಸಿಕೊಂಡು ಕೊನೆಯ ಕೆಲವು ಗಜಗಳಲ್ಲಿ ಬಾಣದಂತೆ ನುಗ್ಗುವನು. ಬಿಳಿಯ ಸವಾರರು ಒಟ್ಟುಗೂಡಿ ಟೇಲರನನ್ನು ನಡುವೆ ಹಾಕಿ ಮುಂದೆ ಹೋಗಲು ದಾರಿಯಿಲ್ಲದಂತೆ ಮಾಡುತ್ತಿದ್ದರು. 1897ರಲ್ಲಿ ಟಾಂಟನ್ ಎಂಬಲ್ಲಿ ಸೋತ ಸವಾರನೊಬ್ಬನು ಸ್ಪರ್ಧೆ ಮುಗಿದೊಡನೆ ಇವನನ್ನು ಕೆಳಕ್ಕೆ ಕೆಡವಿ, ಪ್ರಜ್ಞೆ ತಪ್ಪುವ ತನಕ ಕುತ್ತಿಗೆಯನ್ನು ಹಿಸುಕಿದನು. ಇಷ್ಟಾದರೂ 1899ರಲ್ಲಿ ಮಾಂಟ್ರಿಯಲ್ ಪಟ್ಟಣದಲ್ಲಿ ಒಂದು ಮೈಲಿಯ ಸ್ಪರ್ಧೆಯನ್ನು ಗೆದ್ದು ಟೇಲರನು ಲೋಕದ ಚಾಂಪಿಯನ್ ಆದನು. ಅವನಿಗೆ ಆಗ ಇಪ್ಪತ್ತೇ ವರ್ಷ.

ತಾಯಿ ತೀರಿಕೊಂಡ ಬಳಿಕ ಅವನು ವುಸ್ಟರ್ ಪಟ್ಟಣದ ಬ್ಯಾಪ್ಟಿಸ್ಟ್ ಸಭೆಯಲ್ಲಿ ದೀಕ್ಷಾಸ್ನಾನ ಹೊಂದಿದ್ದನು. ಆದಿತ್ಯವಾರ ಸ್ಪರ್ಧಿಸುವುದಿಲ್ಲವೆಂದು ನಿಶ್ಚಯಿಸಿದನು. ಯೂರೋಪಿನಲ್ಲಿ ಜನ ಕೂಡುವುದೂ ಹಣ ಸೇರುವುದೂ ಆದಿತ್ಯವಾರವೇ ಆದುದರಿಂದ ಅಲ್ಲಿಂದ ಬಂದ ದೊಡ್ಡ ಕರೆಯನ್ನು ಮೊದಲು ನಿರಾಕರಿಸಿದನು. ಕಡೆಗೆ ವ್ಯವಸ್ಥಾಪಕರೇ ಮಣಿದು, ಆದಿತ್ಯವಾರವಿಲ್ಲದ ಕರಾರಿಗೆ ರುಜುಮಾಡಿದರು. 1901ರ ಮೇ 16ರಂದು, ಸ್ವರ್ಗಾರೋಹಣದ ಗುರುವಾರ, ಪ್ಯಾರಿಸಿನಲ್ಲಿ ಫ್ರೆಂಚರ ವೀರ ಜಾಕಲಿನನಿಗೆ ಸೋತನು. ಮೇ 27ರಂದು, ಪಂಚಾಶತ್ತಮದ ಮರುದಿನ ಸೋಮವಾರ, ಅದೇ ಜಾಕಲಿನನನ್ನು ಸೋಲಿಸಿದನು.

ಇಲ್ಲಿಗೆ ಮುಗಿಸಿದರೆ ಇದೂ ಲಿಡ್ಡೆಲನ ಕಥೆಯಂತೆಯೇ ಆಗುವುದು. ಆದರೆ 1910ರಲ್ಲಿ ಟೇಲರನು ಸ್ಪರ್ಧೆಯಿಂದ ನಿವೃತ್ತನಾದನು. ಗಳಿಸಿದ ಹಣವೆಲ್ಲ ವ್ಯಾಪಾರಗಳಲ್ಲಿ ಕರಗಿತು. ಆತ್ಮಕಥೆಯನ್ನು ಸ್ವಂತ ಖರ್ಚಿನಲ್ಲಿ ಅಚ್ಚುಹಾಕಿಸಿ, ಪತ್ನಿಯಿಂದ ಬೇರೆಯಾಗಿ, ಶಿಕಾಗೊ ನಗರದ ವೈ.ಎಂ.ಸಿ.ಎ.ಯಲ್ಲಿ ವಾಸಮಾಡುತ್ತ ಪ್ರತಿಗಳನ್ನು ಮನೆಮನೆಗೆ ಹೊತ್ತು ಮಾರಿದನು. 1932ರ ಜೂನ್ 21ರಂದು ಆಸ್ಪತ್ರೆಯ ಧರ್ಮಾರ್ಥ ವಾರ್ಡಿನಲ್ಲಿ ತೀರಿಕೊಂಡನು. ದೇಹವನ್ನು ಕೇಳಿ ಬಂದವರಿಲ್ಲ; ನಿರ್ಗತಿಕರ ನೆಲದಲ್ಲಿ ಹೂಳಿದರು. ಹದಿನಾರು ವರ್ಷಗಳ ಮೇಲೆ, 1948ರಲ್ಲಿ, ಹಳೆಯ ಸವಾರರು ಬೈಸಿಕಲ್ ಕಾರ್ಖಾನೆಯ ಒಡೆಯ ಫ್ರಾಂಕ್ ಶ್ವಿನ್ನನ ಸಹಾಯದಿಂದ ದೇಹವನ್ನು ತೆಗೆಸಿ, ಗೌರವವಾದ ಸ್ಥಳದಲ್ಲಿ ಸಮಾಧಿಮಾಡಿ ಕಂಚಿನ ಫಲಕವಿಡಿಸಿದರು.

ಹುಡುಗಿಯರಿಗೆ ಇಂಥ ಕಥೆ ಏಕೆ ಎಂದು ಕೆಲವು ತಾಯಂದಿರು ಕೇಳಬಹುದು. ಈಗ ಪ್ರವೇಶ ಪರೀಕ್ಷೆಗಳೂ ಕ್ರೀಡಾ ಆಯ್ಕೆಗಳೂ ಅನೇಕವು ಆದಿತ್ಯವಾರವೇ ನಡೆಯುತ್ತವೆ. ‘ಹೋಗಬೇಡ ಮಗಳೆ, ದೇವರು ಇದಕ್ಕಿಂತ ಒಳ್ಳೆಯದನ್ನೇ ಕೊಡುವನು’ ಎಂದು ಮನೆಯಲ್ಲಿ ಹೇಳಿಸಿಕೊಂಡು, ಏನೂ ದೊರೆಯದೆ ಹೋದಾಗ ತನ್ನ ಭಕ್ತಿಯಲ್ಲೇ ದೋಷವಿತ್ತೆಂದು ಅತ್ತ ಹುಡುಗಿಯರನ್ನು ನಾನು ಬಲ್ಲೆ. ಹೋಗುವುದೋ ಬಿಡುವುದೋ ಆಯಾ ಕುಟುಂಬದ ಮನಸ್ಸಾಕ್ಷಿಗೆ ಸೇರಿದುದು. ಅದರಲ್ಲಿ ಶಾಲೆ ಕೈಹಾಕದು. ಬಿಡಿಸುವವರು ಮಾತ್ರ ನಷ್ಟವನ್ನು ನಷ್ಟವೆಂದೇ ಹೇಳಿ, ಅದನ್ನು ಮಗಳೊಡನೆ ತಾವೂ ಹೊರಬೇಕು. ಟೇಲರನು ತನ್ನ ಆದಿತ್ಯವಾರಗಳ ಬೆಲೆಯನ್ನು ತಾನೇ ತೆತ್ತನು. ಅವನ ಮುಪ್ಪಿನ ಬಡತನವು ಅವುಗಳಿಗೆ ಶಿಕ್ಷೆಯೂ ಅಲ್ಲ, ಗೆಲುವುಗಳು ಸಂಬಳವೂ ಅಲ್ಲ.

ಬರುವ ಜೂನ್ ತಿಂಗಳಿನಿಂದ ಶಾಸ್ತ್ರಪಾಠದ ತರಗತಿಗಳಲ್ಲಿ ಈ ಎರಡು ಕಥೆಗಳನ್ನೂ, ಎರಡನ್ನೂ ಕಡೆಯ ತನಕ, ಹೇಳಬೇಕೆಂದು ಉಪಾಧ್ಯಾಯಿನಿಯರಿಗೆ ತಿಳಿಸಿದ್ದೇನೆ.