ಕ್ಷೀಣ ಸಂಕೇತದ ಮೇಲೆ ರೈತನ ಹಕ್ಕು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ರೈತನಿಗೆ ಉಪಗ್ರಹವೆಂಬುದು ಈಗ ದೂರದ ವಿಚಾರವಲ್ಲ. ರಾಜ್ಯ ಸರ್ಕಾರ 2020ರಲ್ಲಿ ಬೆಳೆ ಸಮೀಕ್ಷೆಯ ಆ್ಯಪ್ ಅನ್ನು ರೈತರ ಕೈಗೇ ನೀಡಿದ ಬಳಿಕ, ಮೆಕ್ಕೆಜೋಳವೋ ಮೆಣಸಿನಕಾಯಿಯೋ ಬೆಳೆದ ಹೊಲದಲ್ಲಿ ನಿಂತು ತೆಗೆದ ಚಿತ್ರಕ್ಕೆ ದಾಖಲೆಯ ಸ್ಥಾನ ಬಂದಿದೆ. ಬೆಳೆ ವಿಮೆ, ಹಾನಿ ಪರಿಹಾರ, ಬೆಂಬಲ ಬೆಲೆಯ ಖರೀದಿಗೆ ಈ ಮಾಹಿತಿ ಆಧಾರ. ಚಿತ್ರ ತೆಗೆದ ಜಾಗ ಯಾವುದೆಂದು ಹೇಳುವುದು ಮೊಬೈಲ್ ಗ್ರಹಿಸುವ ಉಪಗ್ರಹ ಸಂಕೇತ.

ಆ ಸಂಕೇತದ ಬಲವಾದರೂ ಎಷ್ಟು? ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಿಂದ ಕೆಲವು ಹತ್ತು ವ್ಯಾಟ್‌ಗಳಷ್ಟು ಶಕ್ತಿಯಲ್ಲಿ ಸಂಕೇತ ಕಳುಹಿಸುತ್ತವೆ. ಆಂಟೆನಾ ಅದನ್ನು ಭೂಮಿಯತ್ತ ಕೇಂದ್ರೀಕರಿಸಿದರೂ ದಾರಿಯಲ್ಲಿ ಹರಡಿ ಆಗುವ ನಷ್ಟವೇ ಸುಮಾರು 182 ಡೆಸಿಬೆಲ್. ನಾಗರಿಕ ಬಳಕೆಯ ಮೂಲ ಸಂಕೇತ ನೆಲ ತಲುಪುವಾಗ ಇರಬೇಕೆಂದು ನಿಗದಿಯಾದ ಕನಿಷ್ಠ ಬಲ ಮೈನಸ್ 158.5 ಡೆಸಿಬೆಲ್-ವ್ಯಾಟ್. ಒಂದು ವ್ಯಾಟನ್ನು ಕೋಟಿ ಪಾಲು ಮಾಡಿ, ಅದರಲ್ಲೊಂದನ್ನು ಮತ್ತೆ ಕೋಟಿ ಪಾಲು ಮಾಡಿ, ಅದರ ನೂರನೇ ಒಂದಂಶವನ್ನು ತೆಗೆದುಕೊಂಡರೆ ಎಷ್ಟೋ, ಅದಕ್ಕಿಂತ ತುಸು ಹೆಚ್ಚು, ಅಷ್ಟೇ. ನಿಸರ್ಗದ ಉಷ್ಣ ಗದ್ದಲ ಪ್ರತಿ ಹರ್ಟ್ಸ್‌ಗೆ ಮೈನಸ್ 204 ಡೆಸಿಬೆಲ್-ವ್ಯಾಟ್. ಇವೆರಡರ ಅಂತರವಾದ 45ರ ಆಸುಪಾಸಿನ ಅಂಕಿ ತೆರೆದ ಬಯಲಿನ ಉತ್ತಮ ಗ್ರಾಹಕಕ್ಕೆ ಸಲ್ಲುತ್ತದೆ. ಮೊಬೈಲಿನ ಪುಟ್ಟ ಆಂಟೆನಾದಲ್ಲಿ ಅದು ಇನ್ನೂ ಕಡಿಮೆ. 30ಕ್ಕಿಂತ ಕೆಳಗಿಳಿದರೆ ಸ್ಥಾನ ನಿರ್ಣಯವನ್ನು ಎಚ್ಚರದಿಂದಲೇ ನೋಡಬೇಕು.

ಇದಕ್ಕೆ ಮೋಡವನ್ನು ದೂರುವುದು ಸರಿಯಲ್ಲ. ಈ ತರಂಗಾಂತರಕ್ಕೆ ಮಳೆ, ಮೋಡಗಳ ಅಡ್ಡಿ ನಗಣ್ಯ. ತೊಡಕಿರುವುದು ದಟ್ಟ ಮರಗಳಡಿಯಲ್ಲಿ, ತಗಡಿನ ಚಾವಣಿಯ ಪಕ್ಕದಲ್ಲಿ. ಸೌರ ಚಟುವಟಿಕೆ ಏರಿದ ವರ್ಷಗಳಲ್ಲಿ, ಸೂರ್ಯಾಸ್ತದ ನಂತರ ಅಯಾನುಗೋಳದ ಏರುಪೇರಿನಿಂದಲೂ ದಕ್ಷಿಣ ಭಾರತದಲ್ಲಿ ಸಂಕೇತದ ಬಲ ಹೊಯ್ದಾಡುವುದುಂಟು. ತೆರೆದ ಬಯಲಿನಲ್ಲೇ ಮೊಬೈಲಿನ ದೋಷ ಸುಮಾರು ಐದು ಮೀಟರ್ ಇರುವಾಗ, ಕಿರಿದಾದ ಪಟ್ಟಿ ಹೊಲದ ಬೆಳೆ ನೆರೆಯವನ ಹೊಲದಲ್ಲಿ ನಮೂದಾಗುವ ಸಂಭವವನ್ನು ತಳ್ಳಿಹಾಕಲಾಗದು.

ನಮ್ಮದೇ 'ನಾವಿಕ್' ವ್ಯವಸ್ಥೆ ಇದ್ದೂ ನೆರವು ಸೀಮಿತ. ಅದಕ್ಕಾಗಿ ಹಾರಿಸಿದ 11 ಉಪಗ್ರಹಗಳಲ್ಲಿ ಸ್ಥಾನ ನಿರ್ಣಯ ಸೇವೆ ನೀಡುತ್ತಿದ್ದವು ನಾಲ್ಕೇ ಎಂದು ಕೇಂದ್ರ ಸರ್ಕಾರವೇ 2025ರ ಜುಲೈನಲ್ಲಿ ಸಂಸತ್ತಿಗೆ ತಿಳಿಸಿತ್ತು.

ತಂತ್ರಜ್ಞಾನವನ್ನು ಕೈಬಿಡಬೇಕೆಂಬುದು ಇದರ ಅರ್ಥವಲ್ಲ. ಸಂಕೇತದ ಬಲ, ಕಾಣುವ ಉಪಗ್ರಹಗಳ ಸಂಖ್ಯೆ, ದೋಷದ ಅಂದಾಜು ಮೂರನ್ನೂ ಆ್ಯಂಡ್ರಾಯ್ಡ್ ಮೊಬೈಲುಗಳೇ ಕೊಡಬಲ್ಲವು. ಪ್ರತಿ ಚಿತ್ರದೊಂದಿಗೆ ಇವೂ ದಾಖಲಾಗಿ ರೈತನಿಗೆ ಕಾಣುವಂತಿರಬೇಕು. ಬಲ ಕುಂದಿದ ಕಡೆ ಗ್ರಾಮ ಆಡಳಿತಾಧಿಕಾರಿ ಹೊಲಕ್ಕೇ ಬಂದು ನೋಡುವುದು ಕಡ್ಡಾಯವಾಗಬೇಕು. ಉಪಗ್ರಹ ಕೊಡುವುದು ಅಂದಾಜು ಮಾತ್ರ. ಅದನ್ನೇ ತೀರ್ಪೆಂದು ಬಗೆದು ಪರಿಹಾರ ನಿರಾಕರಿಸುವುದು ನ್ಯಾಯವಲ್ಲ.