ತಗಸಿ ಒಗೀರಿ ಎನ್ನುವವರಿಗೆ

ನಿಪ್ಪಾಣಿಯಲ್ಲಿ ಯಾರಾದರೂ ಕೆನ್ನೆ ಉಬ್ಬಿಸಿಕೊಂಡು ಬೀದಿಗೆ ಬಂದರೆ ಸಾಕು, ಬಸ್‌ಸ್ಟ್ಯಾಂಡಿನಿಂದ ಮನೆ ಮುಟ್ಟುವುದರೊಳಗೆ ಪುಕ್ಕಟೆ ಔಷಧಿಗಳ ಪಟ್ಟಿಯೇ ಸಿಗುತ್ತದೆ. “ಮಶೇರಿ ಒತ್ತರಿ.” “ಒಂದ್ ಕೋರ್ಸ್ ಗುಳಿಗಿ ತಗೋರಿ, ಇಳೀತದ.” “ಮ್ಯಾಲಿನ ದವಡಿ ಹಲ್ಲೇನು? ಕೈ ಹಚ್ಚಬ್ಯಾಡ್ರಿ, ಕಣ್ಣ ಹೋಗತಾವು.” ರೂಟ್ ಕೆನಾಲ್ ಅಂದರಂತೂ ಎಲ್ಲರೂ ಒಂದೇ ದನಿಯಲ್ಲಿ: “ಯಾಕ ರೊಕ್ಕ ಹಾಳ ಮಾಡ್ತೀರಿ, ತಗಸಿ ಒಗೀರಿ.” ನಾನು ತೆಗೆಸಿ ಒಗೆಯಲಿಲ್ಲ. ಕೆಳಗಿನ ದವಡೆ ಹಲ್ಲೊಂದಕ್ಕೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿಕೊಂಡೆ. ಅಷ್ಟಾದ ಮೇಲೂ ವಾದ ನಿಂತಿಲ್ಲ. ಒಬ್ಬೊಬ್ಬರಿಗೆ ಬಾಯಲ್ಲಿ ಹೇಳಿ ಸಾಕಾಗಿದೆ. ಎಲ್ಲರಿಗೂ ಸೇರಿಸಿ ಬರೆದೇ ಕೊಡುತ್ತೇನೆ.

ಕಣ್ಣಿನ ಮಾತು ಮೊದಲು, ಏಕೆಂದರೆ ಹೆಚ್ಚು ಜನ ಹೆದರುವುದು ಅದಕ್ಕೇ. ಕಂಡದ್ದನ್ನು ಮಿದುಳಿಗೆ ಒಯ್ಯುವ ನರವೇ ಬೇರೆ, ಹಲ್ಲಿನ ನೋವನ್ನು ಒಯ್ಯುವ ನರವೇ ಬೇರೆ. ಮಿದುಳಿನಿಂದ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ನೋಟದ್ದು ಎರಡನೆಯದು, ಹಲ್ಲಿನದು ಐದನೆಯದು. ಆ ಐದನೆಯದಕ್ಕೆ ಮೂರು ಕವಲು: ಹಣೆ ಮತ್ತು ಕಣ್ಣಿನ ಸುತ್ತಿಗೆ ಒಂದು, ಮೇಲ್ದವಡೆಗೆ ಒಂದು, ಕೆಳದವಡೆಗೆ ಒಂದು. ಮೇಲಿನ ಹಲ್ಲು ನೊಂದಾಗ ಕಣ್ಣಿನ ಹಿಂದೆ ಸೆಳೆದಂತಾಗುವುದು ಈ ಕವಲುಗಳ ನೆಂಟಸ್ತಿಕೆಯಿಂದ. ದೃಷ್ಟಿಗೂ ಅದಕ್ಕೂ ಸಂಬಂಧವಿಲ್ಲ. ವಯಸ್ಸಾದಾಗ ಹಲ್ಲೂ ಹೋಗುತ್ತವೆ, ಮೋತಿಬಿಂದುವೂ ಬರುತ್ತದೆ. ಎರಡಕ್ಕೂ ಗಂಟು ಹಾಕಿದವರು ನಾವು. ಕಣ್ಣಿಗೆ ನಿಜವಾದ ಅಪಾಯವಿರುವುದು ಹಲ್ಲಿಗೆ ಕೈ ಹಚ್ಚದೆ ಬಿಟ್ಟಾಗ. ಮೇಲಿನ ಹಲ್ಲಿನ ಬೇರಿನಲ್ಲಿ ನಿಂತ ಕೀವು ಅಪರೂಪಕ್ಕಾದರೂ ಕಣ್ಣಿನ ಗೂಡಿನವರೆಗೆ ಏರಬಲ್ಲದು. ಕೆಳದವಡೆಯದಾದರೆ ಗದ್ದದ ಕೆಳಗೆ ಬಾವು ಕಟ್ಟಿ ಉಸಿರೇ ಸಿಕ್ಕಬಹುದು. ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲಿ ಬಣ್ಣಿಸಿದ ಈ ಬಾವು ಇಂದಿಗೂ ಅವರ ಹೆಸರಿನಲ್ಲೇ ಇದೆ. ಇನ್ನೊಂದು ತಮಾಷೆ ನೋಡಿ: ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎನ್ನುವ ಬಾಯಿಯೇ ಎರಡನೇ ಉಸಿರಿಗೆ ತಗಸಿ ಒಗೀರಿ ಎನ್ನುತ್ತದೆ.

ಇನ್ನು ತಂಬಾಕಿನ ಮಶೇರಿ. ಈ ಊರಲ್ಲಿ ತಂಬಾಕಿನ ವಿರುದ್ಧ ಮಾತೆತ್ತುವುದು ಹಗುರದ ಕೆಲಸವಲ್ಲ. ನಿಪ್ಪಾಣಿಗೆ ಹೆಸರು ಬಂದದ್ದೇ ತಂಬಾಕಿನಿಂದ. 1981ರಲ್ಲಿ ಬೆಲೆಗಾಗಿ ರೈತರು ಹೆದ್ದಾರಿಯ ಮೇಲೆ ಕುಳಿತು, ಗೋಲಿಬಾರನ್ನೂ ಎದುರಿಸಿದ ಊರಿದು. ಅನ್ನ ಕೊಟ್ಟ ಬೆಳೆಯನ್ನು ನಾನು ಹಳಿಯುತ್ತಿಲ್ಲ. ಅದು ಹಲ್ಲಿಗೆ ಔಷಧಿ ಎನ್ನುವ ಮಾತಿಗಷ್ಟೇ ನನ್ನ ತಕರಾರು.

ಮಶೇರಿ ಮಾಡುವುದನ್ನು ಇಲ್ಲಿ ಎಲ್ಲರೂ ಕಂಡಿದ್ದೇವೆ. ತಂಬಾಕಿನ ಎಲೆಯನ್ನು ಕಾದ ಹಂಚಿನ ಮೇಲೆ ಕರಕಾಗುವ ತನಕ ಹುರಿಯುತ್ತಾರೆ. ಆ ಘಾಟಿಗೆ ಅಡುಗೆಮನೆಯಲ್ಲಿ ಇದ್ದವರೆಲ್ಲ ಕೆಮ್ಮುತ್ತ ಹೊರಗೆ ಬರುತ್ತಾರೆ. ಆಮೇಲೆ ಕುಟ್ಟಿ, ಕಪ್ಪು ಪುಡಿಯನ್ನು ಸಣ್ಣ ಡಬ್ಬಿಗೆ ತುಂಬುತ್ತಾರೆ. ಬೆಳಗ್ಗೆ ತೋರುಬೆರಳಿನ ತುದಿಗೆ ಹಚ್ಚಿಕೊಂಡು ವಸಡಿನ ಮೇಲೆ ನಿಧಾನಕ್ಕೆ ತಿಕ್ಕುತ್ತ ಕುಳಿತರೆ ಅರ್ಧ ಗಂಟೆ ಹೋದದ್ದು ಗೊತ್ತಾಗುವುದಿಲ್ಲ. ಬೆಳಗಿನದು ಮುಗಿದರೆ ಮಧ್ಯಾಹ್ನದ್ದು, ಅದು ಮುಗಿದರೆ ಮಲಗುವ ಮುಂಚಿನದು. ಹಲ್ಲು ನೊಂದ ದಿನ ಒಂದು ಚಿಟಿಕೆ ಹೆಚ್ಚು.

“ಒತ್ತಿದೆ, ನೋವು ನಿಂತಿತು” ಎನ್ನುತ್ತಾರೆ. ಸುಳ್ಳಲ್ಲ, ನಿಲ್ಲುತ್ತದೆ. ಆದರೆ ನಿಲ್ಲಿಸಿದ್ದು ಯಾರು? ಹುಳುಕು ಎನಾಮಲ್ ದಾಟಿ, ಅದರ ಕೆಳಗಿನ ಪದರವನ್ನೂ ದಾಟಿ ಒಳಗಿನ ತಿರುಳಿಗೆ ಮುಟ್ಟಿದಾಗ ತಿರುಳು ಬಾಯುತ್ತದೆ. ಸುತ್ತ ಗಟ್ಟಿ ಗೋಡೆ. ಬಾತ ತಿರುಳಿಗೆ ಹಿಗ್ಗಲು ಜಾಗವಿಲ್ಲ. ರಾತ್ರಿಯೆಲ್ಲ ನಿದ್ದೆಗೆಡಿಸುವ ಆ ಸಿಡಿತ ಅಲ್ಲಿಂದ ಬರುತ್ತದೆ. ಕೆಲವು ದಿನ ಹೀಗೆ ಒದ್ದಾಡಿ ತಿರುಳು ಸಾಯುತ್ತದೆ. ಸತ್ತ ತಿರುಳು ನೋಯುವುದಿಲ್ಲ. ಆ ಹೊತ್ತಿಗೆ ಬೆರಳಿನಲ್ಲಿ ಮಶೇರಿ ಇದ್ದರೆ ಕೀರ್ತಿ ಮಶೇರಿಗೆ, ಲವಂಗ ಇದ್ದರೆ ಲವಂಗಕ್ಕೆ. ನಿಕೋಟಿನ್ ಸ್ವಲ್ಪ ಜೋಮು ಹಿಡಿಸುತ್ತದೆ, ಲವಂಗದೆಣ್ಣೆ ಅದಕ್ಕಿಂತ ಚೆನ್ನಾಗಿ ಹಿಡಿಸುತ್ತದೆ. ಎರಡೂ ಹುಳುಕಿನೊಳಗಿನ ಸೂಕ್ಷ್ಮಾಣುಗಳನ್ನು ಹೊರಗೆ ಹಾಕುವುದಿಲ್ಲ. ಅವು ಸದ್ದಿಲ್ಲದೆ ಬೇರಿನ ತುದಿಯಿಂದ ಇಳಿದು ಎಲುಬನ್ನು ತಿನ್ನತೊಡಗುತ್ತವೆ. ತಿಂಗಳುಗಳ ನಂತರ ವಸಡಿನ ಮೇಲೆ ಕೀವಿನ ಗುಳ್ಳೆ ಎದ್ದಾಗ ಅದೇ ಜನ ಅದನ್ನು “ಉಷ್ಣ” ಎನ್ನುತ್ತಾರೆ. ಇತ್ತ ದಿನಾ ತಿಕ್ಕಿದ ಜಾಗದಲ್ಲಿ ಬಿಳಿ ಮಚ್ಚೆ ಬಿದ್ದಿರುತ್ತದೆ, ಅದನ್ನು ಯಾರೂ ನೋಡಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಹೊಗೆಯಿಲ್ಲದ ತಂಬಾಕನ್ನೂ ಕ್ಯಾನ್ಸರ್ ತರುವುದು ಖಚಿತ ಎಂಬ ಪಟ್ಟಿಯಲ್ಲೇ ಇಟ್ಟಿದೆ.

ಗುಟಕಾದವರದು ಬೇರೆಯೇ ಕಷ್ಟ. ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2013ರಲ್ಲಿ ಅದನ್ನು ನಿಷೇಧಿಸಿದವು. ನಿಷೇಧ ನಮ್ಮ ಗಡಿ ಊರಿನ ಪಾನ್ ಅಂಗಡಿಗಳಲ್ಲಿ ಎಷ್ಟು ಉಳಿದಿದೆ ಎಂಬುದು ನಿಮಗೂ ಗೊತ್ತು. ಗುಟಕಾದಲ್ಲಿನ ಅಡಿಕೆಯ ದೆಸೆಯಿಂದ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ. ನಿಮ್ಮದೇ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ಹಲ್ಲುಗಳ ನಡುವೆ ಇಟ್ಟು ನೋಡಿ. ಎರಡೇ ಹಿಡಿಸಿದರೆ ಹಿಂದಿನ ದವಡೆ ಹಲ್ಲಿಗೆ ರೂಟ್ ಕೆನಾಲಿನ ಸೂಜಿ ಒಯ್ಯುವುದೇ ದುಸ್ತರ. ಆಗ “ರೂಟ್ ಕೆನಾಲ್ ಬೇಕೋ ಬೇಡವೋ” ಎಂಬ ಚರ್ಚೆಗೆ ಅವಕಾಶವೇ ಉಳಿಯುವುದಿಲ್ಲ.

ಹಲ್ಲು ಹುಳುಕುವುದು ಹುಳದಿಂದ ಎನ್ನುವವರಿಗೆ ಹೆಚ್ಚು ಹೊತ್ತು ಕೊಡಲಾರೆ. ಫ್ರಾನ್ಸಿನ ದಂತವೈದ್ಯ ಪಿಯರ್ ಫೋಶಾರ್ 1728ರಷ್ಟು ಹಿಂದೆಯೇ ಹುಳ ಹುಡುಕಿ, ಕಾಣಲಿಲ್ಲ ಎಂದು ಬರೆದರು. ಹುಳ ತೆಗೆಯುತ್ತೇವೆಂದು ಬಾಯಿಗೆ ಬೀಜದ ಹೊಗೆ ಹಿಡಿದು ನೀರಿನ ತಟ್ಟೆಯಲ್ಲಿ ತೋರಿಸುವ ಬಿಳಿ “ಹುಳ”, ಸುಟ್ಟ ಬೀಜ ಒಡೆದು ಹೊರಬಿದ್ದ ಮೊಳಕೆಯ ಎಳೆ. ಅನುಮಾನವಿದ್ದರೆ ನೋವಿಲ್ಲದವನ ಬಾಯಿಗೂ ಹೊಗೆ ಹಾಕಿಸಿ ನೋಡಿ, ಅಷ್ಟೇ ಹುಳ ಬೀಳುತ್ತವೆ.

ಗುಳಿಗೆಯ ಪಕ್ಷದವರು ಓದಿದವರು, ಅವರಿಗೆ ಮರ್ಯಾದೆಯಿಂದಲೇ ಹೇಳಬೇಕು. ಗುಳಿಗೆ ರಕ್ತದ ಮೂಲಕ ಹೋಗುತ್ತದೆ. ತಿರುಳು ಸತ್ತ ಹಲ್ಲಿನೊಳಗೆ ರಕ್ತವೇ ಹರಿಯುವುದಿಲ್ಲ. ಕರೆಂಟ್ ಹೋದಾಗ ಡ್ರಿಪ್ಪಿನ ಟ್ಯಾಂಕಿಗೆ ಗೊಬ್ಬರ ಸುರಿದರೆ ಕಬ್ಬಿನ ಬುಡ ಮುಟ್ಟುತ್ತದೆಯೇ? ಸುತ್ತಲಿನ ಬಾವು ಇಳಿಯಬಹುದು, ಬೇರು ಹಾಗೇ ಇರುತ್ತದೆ. ಜ್ವರ ಬಂದಿದ್ದರೆ, ಬಾವು ಹರಡುತ್ತಿದ್ದರೆ ಆಂಟಿಬಯಾಟಿಕ್ ಬೇಕು. ಬರೀ ಹಲ್ಲುನೋವಿಗೆ ಬೇಡ ಎಂದು ಅಮೆರಿಕದ ದಂತವೈದ್ಯರ ಸಂಘ 2019ರಲ್ಲಿ ಸ್ಪಷ್ಟವಾಗಿಯೇ ಹೇಳಿತು. ನಮ್ಮ ಮೆಡಿಕಲ್ ಅಂಗಡಿಯಲ್ಲಿ ಮಾತ್ರ ಚೀಟಿ ಕೇಳದೆ ಮೂರು ದಿನದ್ದು ಕತ್ತರಿಸಿ ಕೊಡುತ್ತಾರೆ.

“ಜೀವ ಹೋಗೂಹಂಗ ನೋಯತದಂತ.” ರೂಟ್ ಕೆನಾಲ್ ಬಗ್ಗೆ ಹಿರಿಯರ ಈ ಹೆದರಿಕೆ ಹುಟ್ಟಿದ್ದು ಸುಮ್ಮನೆ ಅಲ್ಲ. ತಿರುಳನ್ನು ಸಾಯಿಸಲು ಆರ್ಸೆನಿಕ್ ಲೇಪ ಇಟ್ಟು ಕಳಿಸುತ್ತಿದ್ದ ಕಾಲವಿತ್ತು. ಇಂದು ಜೋಮು ಹಿಡಿಸಲು ಚುಚ್ಚುವ ಲಿಗ್ನೋಕೇನ್ 1943ರಲ್ಲಿ ಸ್ವೀಡನ್ನಿನಲ್ಲಿ ತಯಾರಾಯಿತು. ಒಂದು ಮಾತು ಒಪ್ಪುತ್ತೇನೆ: ನೋವು ನೆತ್ತಿಗೇರಿದ ದಿನ ಹೋದರೆ ಇಂಜೆಕ್ಷನ್ ಪೂರ್ತಿ ಹತ್ತದೇ ಹೋಗಬಹುದು. ಬಾತ ಅಂಗದಲ್ಲಿ ಆಮ್ಲ ಹೆಚ್ಚು, ಆಮ್ಲದಲ್ಲಿ ಆ ಔಷಧಿ ನರದೊಳಗೆ ಇಳಿಯುವುದು ಕಡಿಮೆ. ವಾರಗಟ್ಟಲೆ ಮಶೇರಿ ಒತ್ತಿ, ಕೊನೆಗೆ ಕುರ್ಚಿಯ ಮೇಲೆ ಕುಳಿತು ಡಾಕ್ಟರನ್ನು ಬೈಯುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನನಗೆ ನೋವಿಗಿಂತ ನೆನಪಿನಲ್ಲಿ ಉಳಿದದ್ದು ವಾಸನೆ. ಹಲ್ಲಿನ ಸುತ್ತ ರಬ್ಬರಿನ ಹಾಳೆ ಬಿಗಿದಿದ್ದರು. ಬಾಯೆಲ್ಲ ಅದರ ಕೆಳಗೆ, ಆ ಒಂದು ಹಲ್ಲು ಮಾತ್ರ ಮೇಲೆ. ಫೈಲ್ ಎಂಬ ಕೂದಲಿನಷ್ಟು ಸಪೂರ ಸೂಜಿಗೆ ಸಣ್ಣ ರಬ್ಬರ್ ಬಿಲ್ಲೆ ಸಿಕ್ಕಿಸಿ, ಬೇರಿನ ತುದಿಯವರೆಗಿನ ಉದ್ದವನ್ನು ಅದರಲ್ಲೇ ಗುರುತಿಟ್ಟುಕೊಂಡರು. ಪಕ್ಕದ ಯಂತ್ರ ಬಿಟ್ಟು ಬಿಟ್ಟು ಕೂಗುತ್ತಿತ್ತು. ತುದಿ ಹತ್ತಿರವಾದಂತೆ ಕೂಗು ಒತ್ತಾಯಿತು. ಮಧ್ಯೆ ಮಧ್ಯೆ ಪಿಚಕಾರಿಯಿಂದ ತೊಳೆಯುತ್ತಿದ್ದ ನೀರಿಗೆ ಬ್ಲೀಚಿಂಗ್ ಪೌಡರಿನ ಘಾಟು. ಸೋಡಿಯಂ ಹೈಪೋಕ್ಲೋರೈಟ್ ಅದು. ಸೂಜಿ ಮುಟ್ಟದ ಸಂದಿಗಳಲ್ಲಿ ಕೊಳೆತ ತಿರುಳನ್ನು ಕರಗಿಸುವುದು ಅದರ ಕೆಲಸ.

ಕೊನೆಗೆ ತುಂಬುವುದು “ಪ್ಲಾಸ್ಟಿಕ್” ಎನ್ನುವವರಿಗೆ: ಆ ಕೆಂಬಣ್ಣದ ಕಡ್ಡಿ ಗಟಾಪರ್ಚಾ, ಮಲಯ ಸೀಮೆಯ ಮರವೊಂದರ ಹಾಲಿಗೆ ಸತುವಿನ ಆಕ್ಸೈಡ್ ಪುಡಿ ಬೆರೆಸಿ ಮಾಡಿದ್ದು. ಆ ಮರ ನಮ್ಮ ಚಿಕ್ಕು ಹಣ್ಣಿನ ಕುಟುಂಬದ್ದೇ. ಅಟ್ಲಾಂಟಿಕ್ ಸಮುದ್ರದಡಿ ಹಾಸಿದ ಮೊದಲ ತಂತಿಗೆ ಹೊದಿಸಿದ್ದೂ ಇದನ್ನೇ. ಹಲ್ಲಿನ ಬೇರಿಗೆ 1867ರಿಂದ ತುಂಬುತ್ತಿದ್ದಾರೆ.

ಇತ್ತೀಚೆಗೆ ಮೊಬೈಲ್ ನೋಡಿ ಬಂದವರ ವಾದ ಹೊಸದು: ಸತ್ತ ಹಲ್ಲು ಮೈಯಲ್ಲಿಟ್ಟರೆ ನಂಜು, ಸಂಧಿವಾತ, ಕ್ಯಾನ್ಸರ್. ಹೊಸದೆಂದರೆ ಅವರಿಗೆ ಹೊಸದು. 1910ರಲ್ಲಿ ವಿಲಿಯಂ ಹಂಟರ್ ಎಂಬ ಬ್ರಿಟಿಷ್ ವೈದ್ಯ ಕೆನಡಾದಲ್ಲಿ ಮಾಡಿದ ಭಾಷಣದಿಂದ ಇದು ಕಾವೇರಿತು. ಅಮೆರಿಕದ ವೆಸ್ಟನ್ ಪ್ರೈಸ್ ಕಿತ್ತ ಹಲ್ಲುಗಳನ್ನು ಮೊಲಗಳ ಚರ್ಮದಡಿ ಹೂತು, ಮೊಲ ಕಾಯಿಲೆ ಬಿದ್ದದ್ದನ್ನು ಪುರಾವೆ ಎಂದರು. ಹೊಲಸು ಹಲ್ಲನ್ನು ಮೈಯೊಳಗೆ ಹೂತರೆ ಮೊಲ ಇನ್ನೇನಾಗಬೇಕು? ಈ ನಂಬಿಕೆಯಿಂದ ಲಕ್ಷಾಂತರ ಒಳ್ಳೆಯ ಹಲ್ಲುಗಳು ಹೋದವು. 1938ರಲ್ಲಿ ಸೆಸಿಲ್ ಮತ್ತು ಆ್ಯಂಜೆವೈನ್ ಎಂಬ ಇಬ್ಬರು ಸಂಧಿವಾತದ 200 ರೋಗಿಗಳನ್ನು ಪರಿಶೀಲಿಸಿದಾಗ, ಹಲ್ಲು, ಟಾನ್ಸಿಲ್ ಕಿತ್ತಿದ್ದರಿಂದ ವಾತ ವಾಸಿಯಾಗಿರಲಿಲ್ಲ. ಇದೇ ಹಳೆಯ ಸರಕನ್ನು ಚಲನಚಿತ್ರ ಮಾಡಿ ನೆಟ್‌ಫ್ಲಿಕ್ಸಿಗೆ ಹಾಕಿದ್ದರು. 2019ರಲ್ಲಿ ಅದನ್ನು ಅಲ್ಲಿಂದ ತೆಗೆದರು. ತೆಗೆದದ್ದೂ ಒಂದು ಸಂಚು ಎನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ.

ಉಳಿದದ್ದು ರೊಕ್ಕ. ಎದುರಾಳಿಗಳಲ್ಲಿ ಇದೊಂದೇ ಗಟ್ಟಿ ವಾದ, ತಳ್ಳಿಹಾಕಲಾರೆ. ಕೀಳಿಸಲು ಕೆಲವು ನೂರು, ರೂಟ್ ಕೆನಾಲಿಗೆ ಕ್ಯಾಪ್ ಸೇರಿ ಕೆಲವು ಸಾವಿರ. ಬೀಡಿ ಕಟ್ಟಿ ಸಾವಿರದ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಇದು ಸಣ್ಣ ಮಾತಲ್ಲ. ಆದರೆ ಕೀಳಿಸಿದ ದಿನಕ್ಕೇ ಖರ್ಚು ಮುಗಿಯಿತು ಎಂಬ ಲೆಕ್ಕ ತಪ್ಪು. ಖಾಲಿ ಜಾಗಕ್ಕೆ ಪಕ್ಕದ ಹಲ್ಲು ವಾಲುತ್ತದೆ, ಎದುರಿನದು ಇಳಿಯುತ್ತದೆ, ಸಂದಿಯಲ್ಲಿ ಕೂಳು ಸಿಕ್ಕಿ ಅದೂ ಹುಳುಕುತ್ತದೆ. ಸೇತುವೆ ಕಟ್ಟಿಸಲು ಆಚೀಚೆಯ ಎರಡು ಒಳ್ಳೆಯ ಹಲ್ಲು ಕೊರೆಯಬೇಕು. ಇಂಪ್ಲಾಂಟ್ ಎಂದರೆ ಖರ್ಚು ಇನ್ನೂ ಎಷ್ಟೋ ಪಟ್ಟು. ಸುಮ್ಮನಿದ್ದರೆ ಕಡಕ್ ಜೋಳದ ರೊಟ್ಟಿಯನ್ನು ಒಂದೇ ಮಗ್ಗುಲಲ್ಲಿ ಅಗಿಯುತ್ತ ಆ ಮಗ್ಗುಲೂ ಸವೆಯುತ್ತದೆ. ಖಾಸಗಿ ದವಾಖಾನೆಯ ದರ ಕೈಗೆಟುಕದಿದ್ದರೆ ಬೆಳಗಾವಿಯಲ್ಲಿ ಕೆಎಲ್ಇಯ ವಿ.ಕೆ. ದಂತ ಮಹಾವಿದ್ಯಾಲಯವಿದೆ. ದಂತ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಗುರುಗಳ ಕಣ್ಣೆದುರು ಚಿಕಿತ್ಸೆ ಮಾಡುತ್ತಾರೆ, ಸಮಯ ಹೆಚ್ಚು ಹಿಡಿಯುತ್ತದೆ, ಖರ್ಚು ಕಡಿಮೆ.

ರೊಕ್ಕದ ವಾದದ ಒಳಗೆ ಇನ್ನೊಂದು ವಾದ ಅಡಗಿ ಕುಳಿತಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದೇ ಮನೆಯಲ್ಲಿ ಗಂಡನ ಹಲ್ಲಿಗೆ ಕೊಲ್ಹಾಪುರದ ತನಕ ಹೋಗುತ್ತಾರೆ. ಹೆಂಡತಿಯ ಹಲ್ಲಿಗೆ ಮಶೇರಿ ಡಬ್ಬಿ ಸಾಕು. ಈ ಊರಿನ ತಂಬಾಕು ಕಾರ್ಖಾನೆಯ ಹೆಂಗಸರು ಸಂಘ ಕಟ್ಟಿ ಮಾಲೀಕರ ಎದುರು ನಿಂತದ್ದನ್ನು ಯುಗಾಂತರ್ ಎಂಬ ಮಹಿಳಾ ತಂಡ 1982ರಲ್ಲಿ ಸಾಕ್ಷ್ಯಚಿತ್ರವಾಗಿಸಿತು. ಮಾಲೀಕರ ಎದುರು ಬಾಯಿ ತೆರೆದವರಿಗೆ ದಂತವೈದ್ಯರ ಎದುರು ಬಾಯಿ ತೆರೆಯಲು ಮನೆಯವರ ಅಪ್ಪಣೆ ಬೇಕಾಗುತ್ತದೆ!

“ಮಾಡಿಸಿದ ಮ್ಯಾಲೂ ನನ್ನ ಹಲ್ಲ ನೋಯ್ತು, ಮುರೀತು” ಎಂದು ಸ್ವಂತ ಅನುಭವ ಮುಂದಿಡುವವರನ್ನು ಕೊನೆಗೆ ಇಟ್ಟುಕೊಂಡೆ. ನಿಮ್ಮ ಮಾತು ನಿಜ. ಮುರಿದದ್ದಕ್ಕೆ ಕಾರಣ ಬಹುಶಃ ಕ್ಯಾಪ್ ಹಾಕಿಸದೆ ಬಿಟ್ಟದ್ದು. ಹುಳುಕು ಕೊರೆದು, ಸೂಜಿ ಇಳಿಸಲು ಬಾಗಿಲು ಕೊರೆದು ಉಳಿದ ದವಡೆ ಹಲ್ಲು ಟೊಳ್ಳು, ಕಡಲೆಯ ಪೆಟ್ಟು ತಡೆಯುವುದಿಲ್ಲ. ನೋವು ನಿಂತಿತೆಂದು ಅರ್ಧಕ್ಕೆ ಬಿಟ್ಟವರೂ ನಮ್ಮಲ್ಲಿ ಕಡಿಮೆಯಿಲ್ಲ. ನೊಂದದ್ದಕ್ಕೆ ಬೇರೆ ಕಾರಣವಿರಬಹುದು. ಮೇಲಿನ ಮೊದಲ ದವಡೆ ಹಲ್ಲಿಗೆ ಬೇರು ಮೂರು, ಆದರೆ ಅವುಗಳೊಳಗಿನ ನಾಳ ಎಷ್ಟೋ ಸಲ ನಾಲ್ಕು. ಆ ನಾಲ್ಕನೆಯದು ಕಣ್ಣುತಪ್ಪಿಸಿಕೊಂಡರೆ ಸೂಕ್ಷ್ಮಾಣುಗಳು ಅಲ್ಲೇ ಬೀಡುಬಿಡುತ್ತವೆ. ಬೇಡದ ಹಲ್ಲಿಗೂ ರೂಟ್ ಕೆನಾಲ್ ಮಾಡುವವರಿದ್ದಾರೆ, ಅದನ್ನೂ ಅಲ್ಲಗಳೆಯುವುದಿಲ್ಲ. ಶುರು ಮಾಡುವ ಮುಂಚೆ ತಣ್ಣನೆಯದು ಮುಟ್ಟಿಸಿ ಪರೀಕ್ಷಿಸಿದರೇ, ಎಕ್ಸ್‌ರೇ ತೆಗೆದರೇ, ಮುಗಿದ ಮೇಲೆ ಇನ್ನೊಂದು ತೆಗೆದು ತೋರಿಸಿದರೇ ಎಂದು ಕೇಳುವ ಹಕ್ಕು ರೊಕ್ಕ ಕೊಟ್ಟವರಿಗಿದೆ. ಆ ಎರಡು ಎಕ್ಸ್‌ರೇಗಳನ್ನು ಮನೆಗೆ ತನ್ನಿ. ಮತ್ತೆ ನೊಂದರೆ ಮಶೇರಿ ಡಬ್ಬಿಯ ಬದಲು ಅವನ್ನು ಹಿಡಿದುಕೊಂಡು ರೂಟ್ ಕೆನಾಲಿನದೇ ತಜ್ಞರೊಬ್ಬರ ಬಳಿ ಹೋಗಿ. ಹಳೆಯದನ್ನು ಬಿಚ್ಚಿ ಎರಡನೇ ಸಲ ತುಂಬಲು ಬರುತ್ತದೆ.