ಯಾವ ಭಾಷೆಯಲ್ಲಿ ಸಾಕ್ಷರರು?

ಜನಗಣತಿ ಹತ್ತಿರವಾದಾಗಲೆಲ್ಲ ಹೊರನಾಡ ಕನ್ನಡಿಗರ ಸಭೆಗಳಲ್ಲಿ ಒಂದು ಮಾತು ಕೇಳಿಬರುವುದುಂಟು: ಮಾತೃಭಾಷೆಯ ಅಂಕಣದಲ್ಲಿ ಮರೆಯದೆ ಕನ್ನಡವೆಂದೇ ಬರೆಯಿಸಿರಿ. ೨೦೨೭ರ ಮಾರ್ಚ್ ೧ನ್ನು ಗಣನೆಯ ದಿನವೆಂದು ಗೊತ್ತುಪಡಿಸಿರುವ ಜನಗಣತಿಯ ಸಂದರ್ಭದಲ್ಲಿಯೂ ಈ ಕರೆ ಯೋಗ್ಯವಾದುದೇ. ಆದರೆ ಕರೆ ಅಲ್ಲಿಗೇ ನಿಂತುಹೋದರೆ ನಮ್ಮ ಕರ್ತವ್ಯ ಅರ್ಧಕ್ಕೆ ನಿಂತಂತೆ. ಎಷ್ಟು ಜನ ಕನ್ನಡಿಗರಿದ್ದೇವೆ ಎಂಬ ಪ್ರಶ್ನೆಗೆ ಜನಗಣತಿ ಉತ್ತರ ಕೊಡುತ್ತದೆ. ನಮ್ಮಲ್ಲಿ ಎಷ್ಟು ಜನ ಕನ್ನಡವನ್ನು ಓದಬಲ್ಲೆವು ಎಂಬ ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ. ಮೊದಲನೆಯದು ನಮ್ಮ ಸಂಖ್ಯೆಯ ಪ್ರಶ್ನೆ. ಎರಡನೆಯದು ನಮ್ಮ ಉಳಿವಿನ ಪ್ರಶ್ನೆ.

೨೦೧೧ರ ಜನಗಣತಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಹೇಳಿಕೊಂಡವರು ಸುಮಾರು ೧೦ ಲಕ್ಷ ಜನ. ಅದೇ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ ೮೨ಕ್ಕೂ ಮೇಲೆ. ಈ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದವರು, ಮಹಾರಾಷ್ಟ್ರದಲ್ಲಿ ಏಳೆಂಟು ಲಕ್ಷ ಕನ್ನಡ ಓದುಗರಿದ್ದಾರೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಹಾಗೆ ಭಾವಿಸಲು ಯಾವ ಆಧಾರವೂ ಇಲ್ಲ. ಏಕೆಂದರೆ ಏಳು ವರ್ಷ ಮೇಲ್ಪಟ್ಟವರು ‘ಯಾವುದಾದರೂ ಒಂದು ಭಾಷೆಯಲ್ಲಿ’ ಅರ್ಥಮಾಡಿಕೊಂಡು ಓದಿ ಬರೆಯಬಲ್ಲವರಾದರೆ ಜನಗಣತಿಯ ದೃಷ್ಟಿಯಲ್ಲಿ ಸಾಕ್ಷರರು. ಆ ಭಾಷೆ ಯಾವುದೆಂದು ದಾಖಲಾಗುವುದಿಲ್ಲ. ‘ತಿಳಿದಿರುವ ಇತರ ಭಾಷೆಗಳು’ ಎಂಬ ಅಂಕಣ ಬೇರೆಯಾಗಿ ಉಂಟು. ಆದರೆ ಅಲ್ಲಿ ಮಾತನಾಡಿ ಅರ್ಥಮಾಡಿಕೊಳ್ಳಬಲ್ಲವರಾದರೆ ಸಾಕು, ಓದುಬರಹ ಬೇಕಿಲ್ಲ.

ಈ ಅಂಕಣಗಳ ನಡುವಿನ ಬಿರುಕಿನಲ್ಲಿ ಏನೇನು ಜಾರಿಹೋಗುತ್ತದೆ ಎಂಬುದನ್ನು ನಾನು ವಾಸವಾಗಿರುವ ನಾಗಪುರದ ಧರಮಪೇಠದಿಂದಲೇ ಹೇಳಬಹುದು. ಇಲ್ಲಿ, ಮತ್ತು ನೆರೆಯ ಗೋಕುಳಪೇಠ, ಶಂಕರನಗರಗಳಲ್ಲಿ, ಕನ್ನಡದ ಮನೆಗಳು ಹಲವು ಕಾರಣಗಳಿಂದ ನೆಲೆಗೊಂಡವು. ಕೆಲವರು ಕೇಂದ್ರ ಸರ್ಕಾರದ ಕಚೇರಿಗಳಿಗೆ, ರೈಲ್ವೆಗೆ, ಬ್ಯಾಂಕುಗಳಿಗೆ ವರ್ಗವಾಗಿ ಬಂದರು. ಕೆಲವರು ೧೯೬೦ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜಿಗೆ ಬಂದರು. ಕರಾವಳಿಯ ಎಷ್ಟೋ ಜನ ಉಪಾಹಾರ ಗೃಹಗಳ ಕೆಲಸಕ್ಕೆ ಬಂದರು. ಇವರ ನಡುವೆ ನಾನು ಪದೇ ಪದೇ ಕಂಡಿರುವ ಎರಡು ಬಗೆಯ ಜನರನ್ನು ಓದುಗರು ತಮ್ಮ ತಮ್ಮ ಊರುಗಳಲ್ಲಿಯೂ ಬಲ್ಲರು.

ಒಬ್ಬರು ಏಳನೆಯ ತರಗತಿಗೆ ಶಾಲೆ ಬಿಟ್ಟು ಅಡುಗೆಮನೆಗೆ ಸೇರಿದವರು. ಊರಿನಿಂದ ಬಂದ ಪತ್ರಿಕೆಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುತ್ತಾರೆ. ದಿನಸಿಯ ಲೆಕ್ಕವನ್ನು ಕನ್ನಡದಲ್ಲಿ ಚೊಕ್ಕಟವಾಗಿ ಬರೆದಿಡುತ್ತಾರೆ. ಆದರೆ ಮರಾಠಿಯ ಅರ್ಜಿಯೊಂದು ಎದುರಿಗೆ ಬಂದರೆ ಹೆಬ್ಬೆಟ್ಟಿನವರಂತೆ ಇನ್ನೊಬ್ಬರ ಮುಖ ನೋಡಬೇಕಾಗುತ್ತದೆ. ಇನ್ನೊಬ್ಬರು ಮೂರನೆಯ ತಲೆಮಾರಿನ ಪದವೀಧರರು. ಮರಾಠಿ, ಹಿಂದಿ, ಇಂಗ್ಲಿಷ್ ಮೂರನ್ನೂ ಓದುತ್ತಾರೆ, ಮನೆಯಲ್ಲಿ ಸೊಗಸಾದ ಕನ್ನಡವನ್ನೇ ಆಡುತ್ತಾರೆ. ಆದರೆ ಅಜ್ಜಿ ಬರೆದ ಕಾಗದವನ್ನು ಬೇರೆಯವರು ಓದಿ ಹೇಳಬೇಕು. ಜನಗಣತಿಯಲ್ಲಿ ಇಬ್ಬರ ಮಾತೃಭಾಷೆಯೂ ಕನ್ನಡ, ಇಬ್ಬರೂ ಸಾಕ್ಷರರು. ಒಬ್ಬರ ಕಷ್ಟವೂ ಅಲ್ಲಿಲ್ಲ, ಇನ್ನೊಬ್ಬರ ನಷ್ಟವೂ ಅಲ್ಲಿಲ್ಲ.

‘ಹೌದು’ ಅಥವಾ ‘ಇಲ್ಲ’ ಎಂಬ ಉತ್ತರದಿಂದ ಓದುವ ಶಕ್ತಿಯನ್ನು ಅಳೆಯಲಾಗದು ಎಂಬ ಅರಿವು ಹೊಸದೇನಲ್ಲ. ೧೯೧೧ರ ಜನಗಣತಿಯಲ್ಲಿ, ಸ್ನೇಹಿತನಿಗೆ ಒಂದು ಪತ್ರ ಬರೆದು ಅವನ ಉತ್ತರವನ್ನು ಓದಬಲ್ಲವನೇ ಸಾಕ್ಷರನೆಂಬ ಸೂಚನೆಯಿತ್ತು. ೧೯೮೮ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್ ಇನ್ನೂ ನಿಖರವಾದ ಅಳತೆಗೋಲನ್ನು ಹಾಕಿಕೊಟ್ಟಿತು: ನಿಮಿಷಕ್ಕೆ ೩೦ ಪದಗಳಂತೆ ಗಟ್ಟಿಯಾಗಿ ಓದಬೇಕು, ೭ ಪದಗಳಂತೆ ನೋಡಿ ಬರೆಯಬೇಕು, ೫ ಪದಗಳಂತೆ ಉಕ್ತಲೇಖನ ಬರೆಯಬೇಕು, ನೂರರವರೆಗಿನ ಅಂಕಿಗಳನ್ನು ಬಲ್ಲವರಾಗಿರಬೇಕು. ೧೯೯೦ರ ದಶಕದಲ್ಲಿ ದಕ್ಷಿಣ ಕನ್ನಡದಲ್ಲಿಯೂ ವಿಜಾಪುರದಲ್ಲಿಯೂ ನಡೆದ ಸಾಕ್ಷರತಾ ಆಂದೋಲನಗಳನ್ನು ಕಂಡವರಿಗೆ ಆ ರಾತ್ರಿ ತರಗತಿಗಳ ಉತ್ಸಾಹ ಇನ್ನೂ ನೆನಪಿರಬಹುದು. ಈಗಿನ ‘ಉಲ್ಲಾಸ್’ ಕಾರ್ಯಕ್ರಮದಲ್ಲಿಯೂ ಓದು, ಬರಹ, ಲೆಕ್ಕಗಳಿಗೆ ತಲಾ ೫೦ ಅಂಕಗಳಂತೆ ೧೫೦ ಅಂಕಗಳ ಪರೀಕ್ಷೆಯುಂಟು. ಆದರೆ ಈ ಪರೀಕ್ಷೆಗಳೆಲ್ಲ ಹೊಸದಾಗಿ ಅಕ್ಷರ ಕಲಿತವರಿಗಾಗಿ. ದೇಶದ ಎಲ್ಲ ವಯಸ್ಕರ ನಡುವೆ ಮಾದರಿಯನ್ನು ಆರಿಸಿಕೊಂಡು, ಅವರು ನಿತ್ಯಜೀವನದಲ್ಲಿ ಏನನ್ನು ಓದಿ ತಿಳಿಯಬಲ್ಲರು ಎಂದು ನೇರವಾಗಿ ಅಳೆಯುವ ಕಾರ್ಯ ಬೇರೆಯದು.

ಆ ಕಾರ್ಯವನ್ನು ಹೊರದೇಶಗಳು ದೊಡ್ಡ ಪ್ರಮಾಣದಲ್ಲಿ ಕೈಗೊಂಡಿವೆ. ಪ್ಯಾರಿಸ್ಸಿನಲ್ಲಿ ಕೇಂದ್ರವುಳ್ಳ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯು ನಡೆಸುವ ವಯಸ್ಕರ ಕೌಶಲಗಳ ಸಮೀಕ್ಷೆಯ ಎರಡನೆಯ ಸುತ್ತಿನ ಫಲಿತಾಂಶ ೨೦೨೪ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ೩೧ ದೇಶಗಳು ಮತ್ತು ಪ್ರದೇಶಗಳು, ೧೬ರಿಂದ ೬೫ ವರ್ಷದೊಳಗಿನ ಸುಮಾರು ೧,೬೦,೦೦೦ ಜನ. ಸಂದರ್ಶಕರು ಮನೆಗೇ ಹೋಗಿ, ಓದು, ಲೆಕ್ಕ, ಸಮಸ್ಯೆ ಬಿಡಿಸುವಿಕೆ ಎಂಬ ಮೂರು ಕ್ಷೇತ್ರಗಳಲ್ಲಿ ಪ್ರಶ್ನೆಗಳನ್ನು ಕೊಡುತ್ತಾರೆ. ಒಬ್ಬರೇ ಎಲ್ಲ ಪ್ರಶ್ನೆಗಳಿಗೂ ಉತ್ತರಿಸುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಭಾಗವನ್ನು ಹಂಚಿ, ಸಂಖ್ಯಾಶಾಸ್ತ್ರದ ನೆರವಿನಿಂದ ಇಡೀ ಸಮಾಜದ ಚಿತ್ರವನ್ನು ಕಟ್ಟುತ್ತಾರೆ. ಪಾಲ್ಗೊಂಡ ಶ್ರೀಮಂತ ದೇಶಗಳಲ್ಲಿಯೇ ಸರಾಸರಿ ನಾಲ್ವರಲ್ಲಿ ಒಬ್ಬ ವಯಸ್ಕರು ಓದಿನಲ್ಲಿ ಮೊದಲ ಮೆಟ್ಟಿಲನ್ನು ದಾಟಿಲ್ಲವೆಂದು ಕಂಡುಬಂತು. ಹತ್ತು ವರ್ಷಗಳಲ್ಲಿ ಓದಿನ ಮಟ್ಟ ಗಣನೀಯವಾಗಿ ಮೇಲೇರಿದ್ದು ಫಿನ್ಲೆಂಡ್ ಮತ್ತು ಡೆನ್ಮಾರ್ಕುಗಳಲ್ಲಿ ಮಾತ್ರ. ಪ್ರಮಾಣಪತ್ರಗಳು ಹೆಚ್ಚಿದ ಮಾತ್ರಕ್ಕೆ ಓದು ಹೆಚ್ಚುವುದಿಲ್ಲವೆಂಬ ಕಹಿ ಸತ್ಯವನ್ನು ಈ ಅಳತೆ ಹೊರಗೆಡವಿತು. ಭಾರತ ಈ ಸಮೀಕ್ಷೆಯಲ್ಲಿ ಪಾಲ್ಗೊಂಡಿಲ್ಲ.

ಇಂಥ ಅಳತೆಯಿಂದ ಹಿಂಜರಿದವರಲ್ಲಿ ನಾವೇ ಮೊದಲಿಗರಲ್ಲ. ೧೯೯೦ರ ದಶಕದ ಮಧ್ಯಭಾಗದಲ್ಲಿ ಇದರ ಪೂರ್ವಜವೆನ್ನಬಹುದಾದ ಸಮೀಕ್ಷೆ ನಡೆದಾಗ, ತನ್ನ ಫಲಿತಾಂಶ ತೀರ ಕೆಳಗಿರುವುದನ್ನು ಕಂಡ ಫ್ರಾನ್ಸ್, ಹೋಲಿಕೆಯೇ ಸರಿಯಿಲ್ಲವೆಂದು ೧೯೯೫ರಲ್ಲಿ ಹಿಂದೆ ಸರಿಯಿತು. ನಮ್ಮಲ್ಲಿ ಹಿಮಾಚಲ ಪ್ರದೇಶವೂ ತಮಿಳುನಾಡೂ ಶಾಲಾ ಮಕ್ಕಳ ಅಂತಾರಾಷ್ಟ್ರೀಯ ಪರೀಕ್ಷೆಯ ೨೦೦೯ರ ಸುತ್ತಿನ ಮುಂದುವರಿಕೆಯಲ್ಲಿ ಪಾಲ್ಗೊಂಡು ಪಟ್ಟಿಯ ತಳದಲ್ಲಿ ನಿಂತಾಗ, ಪ್ರಶ್ನೆಗಳು ನಮ್ಮ ನೆಲಕ್ಕೆ ಹೊಂದುವುದಿಲ್ಲವೆಂಬ ಆಕ್ಷೇಪ ಎದ್ದಿತು. ಸೋತವರು ಅಳತೆಗೋಲನ್ನು ದೂರುವುದು ಲೋಕರೂಢಿ. ಆದರೆ ಅಳತೆಗೋಲನ್ನು ಪ್ರಶ್ನಿಸುವವರೆಲ್ಲ ಸೋಲಿನ ಅಂಜಿಕೆಯಿಂದಲೇ ಪ್ರಶ್ನಿಸುತ್ತಾರೆಂದೂ ಹೇಳಲಾಗದು. ವಲಸಿಗರ ದೃಷ್ಟಿಯಿಂದ ನೋಡಿದಾಗ ಪ್ರಶ್ನೆ ಇನ್ನೂ ಆಳಕ್ಕೆ ಇಳಿಯುತ್ತದೆ.

ಈ ಸಮೀಕ್ಷೆ ಯಾವ ಭಾಷೆಯಲ್ಲಿ ನಡೆಯುತ್ತದೆ? ಆಯಾ ದೇಶದ ವ್ಯವಹಾರ ಭಾಷೆಯಲ್ಲಿ. ಫಿನ್ಲೆಂಡಿನಲ್ಲಿ ಫಿನ್ನಿಷ್ ಅಥವಾ ಸ್ವೀಡಿಷ್, ಕೆನಡಾದಲ್ಲಿ ಇಂಗ್ಲಿಷ್ ಅಥವಾ ಫ್ರೆಂಚ್. ಅಮೆರಿಕದಲ್ಲಿ ಹಿನ್ನೆಲೆಯ ಪ್ರಶ್ನೆಗಳನ್ನು ಸ್ಪ್ಯಾನಿಷ್ ಭಾಷೆಯಲ್ಲಿಯೂ ಕೇಳುತ್ತಾರೆ. ಪರೀಕ್ಷೆ ಮಾತ್ರ ಇಂಗ್ಲಿಷಿನಲ್ಲಿಯೇ. ಆ ಭಾಷೆ ಬಾರದವರ ಗತಿ ಏನು? ಎರಡನೆಯ ಸುತ್ತಿನಲ್ಲಿ ಅಂಥವರಿಗಾಗಿ ಹೊಸಿಲಿನಲ್ಲಿಯೇ ಮುಗಿಯುವ ಒಂದು ಚಿಕ್ಕ ಪ್ರಶ್ನಾವಳಿಯನ್ನು ೪೩ ಭಾಷೆಗಳಲ್ಲಿ ಸಿದ್ಧಪಡಿಸಿದರು. ವಯಸ್ಸೆಷ್ಟು, ಎಷ್ಟು ವರ್ಷ ಓದಿದ್ದೀರಿ, ಉದ್ಯೋಗವುಂಟೆ, ಯಾವ ದೇಶದಲ್ಲಿ ಹುಟ್ಟಿದಿರಿ, ಇಲ್ಲಿಗೆ ಬಂದು ಎಷ್ಟು ಕಾಲವಾಯಿತು ಎಂಬಷ್ಟೇ ಪ್ರಶ್ನೆಗಳು. ಆ ಉತ್ತರಗಳಿಂದ ಅವರ ಸಾಮರ್ಥ್ಯವನ್ನು ಅಂದಾಜು ಮಾಡುತ್ತಾರೆ. ಅಂದಾಜು ಬಹುಮಟ್ಟಿಗೆ ಕೆಳಗಿನ ಮೆಟ್ಟಿಲಿಗೇ ಬಂದು ನಿಲ್ಲುತ್ತದೆ. ಅವರನ್ನು ಲೆಕ್ಕದಿಂದಲೇ ಕೈಬಿಡುವುದಕ್ಕಿಂತ ಇದು ಪ್ರಾಮಾಣಿಕವಾದುದು ಎಂಬುದನ್ನು ಒಪ್ಪೋಣ. ಆ ದೇಶದಲ್ಲಿ ಬಾಳುವೆ ನಡೆಸಲು ಅವರಿಗಿರುವ ಅಡಚಣೆಯನ್ನು ಅದು ಸರಿಯಾಗಿಯೇ ತೋರಿಸುತ್ತದೆ. ಆದರೆ ತಮ್ಮ ಭಾಷೆಯಲ್ಲಿ ಅವರು ಏನನ್ನು ಬಲ್ಲರು ಎಂಬುದನ್ನು ಅದು ತೋರಿಸುವುದಿಲ್ಲ.

ಹೀಗೆ ನಮ್ಮ ಜನಗಣತಿಯೂ ಹೊರಗಿನ ಸಮೀಕ್ಷೆಯೂ ಎರಡು ವಿರುದ್ಧ ದಿಕ್ಕುಗಳಿಂದ ಒಂದೇ ತಪ್ಪಿಗೆ ಬಂದು ಸೇರುತ್ತವೆ. ಒಂದು, ಯಾವ ಭಾಷೆಯಾದರೂ ಸರಿ ಎನ್ನುತ್ತದೆ. ಇನ್ನೊಂದು, ಈ ಭಾಷೆಯೊಂದೇ ಸರಿ ಎನ್ನುತ್ತದೆ. ಮೊದಲನೆಯದರಲ್ಲಿ ನಮ್ಮ ಪದವೀಧರ ಮೊಮ್ಮಗಳ ಕನ್ನಡದ ನಿರಕ್ಷರತೆ ಮುಚ್ಚಿಹೋಗುತ್ತದೆ. ಎರಡನೆಯದನ್ನು ಇಲ್ಲಿ ಹಾಗೆಯೇ ತಂದು ಮರಾಠಿಯಲ್ಲಿ ನಡೆಸಿದರೆ ಅಡುಗೆಮನೆಯ ಓದುಗನ ಸಾಕ್ಷರತೆ ಮುಚ್ಚಿಹೋಗುತ್ತದೆ. ಸಾಕ್ಷರತೆ ಎಂಬುದು ವ್ಯಕ್ತಿಯ ಒಂದು ಗುಣವಷ್ಟೇ ಅಲ್ಲ, ವ್ಯಕ್ತಿಗೂ ಒಂದು ಭಾಷೆಗೂ ಇರುವ ಸಂಬಂಧ. ಹೊರನಾಡಿನಲ್ಲಿ ಬಾಳುವವರಿಗೆ ಅಂಥ ಸಂಬಂಧಗಳು ಕನಿಷ್ಠ ಎರಡಿರಬೇಕು: ತಾಯಿನುಡಿಯೊಡನೆ ಒಂದು, ಅನ್ನ ಕೊಟ್ಟ ನೆಲದ ನುಡಿಯೊಡನೆ ಇನ್ನೊಂದು.

ಮಹಾರಾಷ್ಟ್ರದಲ್ಲಿದ್ದು ಕನ್ನಡದ ಅಂಕಣ ಕೇಳುವುದು ಪ್ರತ್ಯೇಕತೆಯಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ನನ್ನ ವಾದ ಅದಕ್ಕೆ ತದ್ವಿರುದ್ಧವಾದುದು. ಮರಾಠಿಯನ್ನು ಓದಿ ಬರೆಯಲು ಕಲಿಯುವುದು ಇಲ್ಲಿ ನೆಲೆಸಿದ ನಮ್ಮ ಕರ್ತವ್ಯವೂ ಹೌದು, ಹಿತವೂ ಹೌದು. ಕನ್ನಡ ಓದಬಲ್ಲ ಕೆಲಸಗಾರನಿಗೆ ಅಕ್ಷರಜ್ಞಾನ ಈಗಾಗಲೇ ಇದೆ, ಅವನಿಗೆ ಬೇಕಾದುದು ಇನ್ನೊಂದು ಲಿಪಿಯಷ್ಟೇ ಎಂದು ಗೊತ್ತಾದರೆ, ಅವನನ್ನು ಮೊದಲ ಪಾಠದ ಬೆಂಚಿನ ಮೇಲೆ ಕೂರಿಸಬೇಕಾಗಿಲ್ಲ. ಎರಡು ಅಂಕಣಗಳಿದ್ದರೆ ಮರಾಠಿ ಕಲಿಸುವವರಿಗೂ ಅನುಕೂಲ. ಖರ್ಚಿನ ಮಾತೂ ಬರಬಹುದು. ‘ಅಸರ್’ ಸಮೀಕ್ಷೆಯವರು ೨೦೦೫ರಿಂದ ಹಳ್ಳಿಹಳ್ಳಿಯ ಮನೆಗಳಿಗೆ ಹೋಗಿ, ಒಂದು ಹಾಳೆಯನ್ನು ಕೈಗಿತ್ತು, ಮಗುವಿನ ಓದನ್ನು ಕಿವಿಯಾರೆ ಕೇಳಿ ದಾಖಲಿಸುತ್ತ ಬಂದಿದ್ದಾರೆ. ಸರಳವಾದ ಸಾಧನದಿಂದಲೂ ನೇರವಾದ ಅಳತೆ ಸಾಧ್ಯವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇದರ ರಾಜಕೀಯ ಮಹತ್ವವನ್ನೂ ಮರೆಯಬಾರದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಕಲ್ಪಿಸಬೇಕೆಂದು ಸಂವಿಧಾನದ ೩೫೦ಎ ವಿಧಿ ಹೇಳುತ್ತದೆ. ೧೯೫೬ರಲ್ಲಿ ಸೇರಿದ ಈ ವಿಧಿಯನ್ನು ನಾವು ಭಾಷಣಗಳಲ್ಲಿ ಉದ್ಧರಿಸುತ್ತೇವೆ. ಆದರೆ ಬೇಡಿಕೆಯ ಹಿಂದೆ ಅಂಕಿಗಳಿರುವುದಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕಡೆ ಕನ್ನಡ ಮಾಧ್ಯಮದ ಶಾಲೆಗಳುಂಟು. ಅಲ್ಲಿಯ ಕನ್ನಡ ಮನೆಗಳ ಓದಿನ ಸ್ಥಿತಿಗೂ ಚದುರಿಹೋದ ನಮ್ಮಂಥವರ ಸ್ಥಿತಿಗೂ ಎಷ್ಟು ಅಂತರವಿದೆ? ಎರಡು ತಲೆಮಾರುಗಳಲ್ಲಿ ಲಿಪಿ ಎಷ್ಟು ಮನೆಗಳಿಂದ ಹೊರಟುಹೋಗಿದೆ? ಜನಗಣತಿಯ ಯಾವ ಕೋಷ್ಟಕದಲ್ಲಿಯೂ ಇದಕ್ಕೆ ಉತ್ತರವಿಲ್ಲ. ಅಳೆಯದ ನಷ್ಟಕ್ಕೆ ಪರಿಹಾರ ಕೇಳಲು ಬಾರದು.

ಆದ್ದರಿಂದ ಹೊರನಾಡ ಸಂಘಗಳೆಲ್ಲ ಸೇರಿ ಎರಡು ಕೆಲಸಗಳನ್ನು ಮಾಡಬೇಕೆಂದು ನನ್ನ ಸೂಚನೆ. ಮೊದಲನೆಯದು, ಮುಂದೆ ಭಾರತದಲ್ಲಿ ವಯಸ್ಕರ ಓದನ್ನು ನೇರವಾಗಿ ಅಳೆಯುವ ಸಮೀಕ್ಷೆ ನಡೆಯುವುದಾದರೆ, ಮಾತೃಭಾಷೆಯಲ್ಲಿ ಒಮ್ಮೆ, ವಾಸಿಸುವ ರಾಜ್ಯದ ಭಾಷೆಯಲ್ಲಿ ಒಮ್ಮೆ ಪರೀಕ್ಷಿಸಿ ಎರಡನ್ನೂ ಬೇರೆ ಬೇರೆಯಾಗಿ ಪ್ರಕಟಿಸಬೇಕೆಂದು ಒತ್ತಾಯಿಸುವುದು. ಅಲ್ಲಿಯವರೆಗೆ ಜನಗಣತಿಯಲ್ಲಿ ‘ಸಾಕ್ಷರ’ ಎಂಬ ಉತ್ತರದ ಮುಂದೆ ಭಾಷೆಯ ಹೆಸರನ್ನೂ ಬರೆದುಕೊಳ್ಳಬೇಕೆಂದು ಕೇಳುವುದು. ನಮ್ಮಂತೆಯೇ ಬೆಂಗಳೂರಿನ ಮರಾಠಿಗರಿಗೂ, ಕಾಸರಗೋಡಿನ ಕನ್ನಡಿಗರಿಗೂ, ಬಳ್ಳಾರಿಯ ತೆಲುಗರಿಗೂ ಇದು ಬೇಕಾದುದೇ. ಬೇಡಿಕೆ ಕನ್ನಡದ್ದೊಂದೇ ಅಲ್ಲದಿರುವುದರಿಂದ ಅದಕ್ಕೆ ಬಲವೂ ಹೆಚ್ಚು.

ಎರಡನೆಯದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಡ. ರಾಜ್ಯೋತ್ಸವಕ್ಕೆ ಮನೆಮನೆಗೆ ಹೋಗಿ ವಂತಿಗೆ ಎತ್ತುವ ನಮ್ಮ ಕಾರ್ಯಕರ್ತರು ಒಂದು ಹಾಳೆಯನ್ನೂ ಜೊತೆಗೆ ಒಯ್ಯಲಿ. ಒಂದು ಬದಿಯಲ್ಲಿ ಕನ್ನಡದ ಚಿಕ್ಕ ಪತ್ರ, ಇನ್ನೊಂದು ಬದಿಯಲ್ಲಿ ಮರಾಠಿಯ ಒಂದು ಸಾರ್ವಜನಿಕ ಪ್ರಕಟಣೆ. ಇಷ್ಟವಿದ್ದವರು ಓದಲಿ, ಪತ್ರಕ್ಕೆ ನಾಲ್ಕು ಸಾಲಿನ ಉತ್ತರ ಬರೆಯಲಿ. ಹೆಸರು ಬೇಡ, ವಯಸ್ಸು, ಎಷ್ಟನೆಯ ತಲೆಮಾರು, ಇಷ್ಟು ಸಾಕು. ಯಾರನ್ನೂ ನಾಚಿಸುವುದು ಇದರ ಉದ್ದೇಶವಲ್ಲ. ಕನ್ನಡ ತರಗತಿ ಎಲ್ಲಿ ಬೇಕು, ಮರಾಠಿ ತರಗತಿ ಎಲ್ಲಿ ಬೇಕು ಎಂಬುದು ಅದರಿಂದ ತಿಳಿಯುತ್ತದೆ. ನಾಟಕಕ್ಕೂ ಊಟಕ್ಕೂ ತುಂಬುವ ಸಭಾಂಗಣವನ್ನು ನೋಡಿ ಕನ್ನಡ ಕ್ಷೇಮವಾಗಿದೆಯೆಂದು ತೃಪ್ತಿಪಡುವ ಕಾಲ ಕಳೆಯಿತು. ಆ ಸಭಾಂಗಣದಲ್ಲಿ ಹಂಚಿದ ಆಹ್ವಾನ ಪತ್ರಿಕೆಯನ್ನು ಎಷ್ಟು ಜನ ಓದಿಕೊಂಡು ಬಂದರು ಎಂಬುದನ್ನು ಈಗ ಎಣಿಸಬೇಕಾಗಿದೆ.